ಜಾರದ ಗಂಟು

ಹಲಸೂರು ಕೆರೆಯ ದಂಡೆ, ಬೆಳಿಗ್ಗೆ ಆರೂಕಾಲು.
ನಾಲ್ಕು ದೇಶದ ಹನ್ನೊಂದು ಜನಕ್ಕೆ
ಹಗ್ಗ ಹಿಡಿಯುವುದನ್ನು ಕಲಿಸುತ್ತೇನೆ ನಾನು,
ಹವಾಲ್ದಾರ್ ದ್ಯಾವೀರಪ್ಪ, ಮಾಲೂರು ಕಡೆಯವನು.
ಇಂಗ್ಲಿಷು ನನ್ನದು ಅಷ್ಟಕ್ಕಷ್ಟೆ. ಅವರದ್ದೂ.
ಹಗ್ಗಕ್ಕೆ ಮಾತ್ರ ವ್ಯಾಕರಣ ತಪ್ಪುವುದಿಲ್ಲ.

ಕೊರಳಿಗೆ ಬೀಳುವುದು ಜೀರುಗುಣಿಕೆ, ಎಳೆದಷ್ಟೂ ಬಿಗಿ.
ಎದೆಗೆ ಕಟ್ಟುವುದು ಇದು. ನೋಡಿ,
ತುದಿ ಕುಣಿಕೆಯ ಕೆಳಗಿಂದ ಬಂತು,
ಹಗ್ಗದ ಬೆನ್ನು ಬಳಸಿತು,
ಬಂದ ದಾರಿಯಲ್ಲೇ ಇಳಿಯಿತು.
ಎಮ್ಮೆ ಕಟ್ಟಿ ಎಳೆದರೂ ಜಾರದು, ಬಿಗಿಯದು.
ಉಸಿರಿಗೆಂದು ನಾಲ್ಕು ಬೆರಳು ಜಾಗ ಬಿಟ್ಟಿರುತ್ತದೆ.

ಅಂತರಗಂಗೆಗೆ ದೋಣಿ ಸಿಕ್ಕಿಕೊಂಡು ಎಲ್ಲರೂ ನಕ್ಕರು.
ಸಾರ್ಜೆಂಟ್ ಮೊಖೆತಿ ನಗಲಿಲ್ಲ.
ಬೆಟ್ಟದ ದೇಶದವನು. ದೇಶದ ಹೆಸರು ಬೇಡ.
ಮಧ್ಯಾಹ್ನ ಮನೆಯಿಂದ ತಂದ ಮುದ್ದೆ ಕೊಟ್ಟೆ
(ಅಗೀಬೇಡಪ್ಪಾ, ನುಂಗು)
ನುಂಗಿ ಕೇಳಿದ:
ದೋಣಿ ನಿಮ್ಮದು, ಮುಳುಗುವವರೂ ನಿಮ್ಮವರು,
ಹೋಗೋದಕ್ಕೆ ಕಾಗದ ಯಾಕೆ?

ಹೇಳಿದೆ. ರಾಜಕಾಲುವೆ ತನ್ನ ಹಳೇ ಜಾಗ ಹುಡುಕಿಕೊಂಡು
ಬಡಾವಣೆಗೆ ನುಗ್ಗಿದ ರಾತ್ರಿ,
ಗೇಟಿನ ಒಳಗೆ ಲಾರಿ, ಲಾರಿಯಲ್ಲಿ ನಾಲ್ಕು ದೋಣಿ,
ಎರಡು ಗಂಟೆ ನಾವು ಬೂಟಿನ ಲೇಸು ನೋಡುತ್ತಾ ಕೂತದ್ದು.
ಕೊನೆಗೆ ತಹಶೀಲ್ದಾರ್ ಮೇಡಂ, ಸೊಂಟದ ತನಕ ಒದ್ದೆ,
ಪೆನ್ನು ಮೂಡದೆ
ಯಾರದೋ ಮಗುವಿನ ಜಾಮಿಟ್ರಿ ಬಾಕ್ಸಿನ ಪೆನ್ಸಿಲಿನಲ್ಲಿ
ಜೀಪಿನ ಬಾನೆಟ್ ಮೇಲೆ ರುಜು ಹಾಕಿದರು.
ಮೂವತ್ತೆಂಟು ಜನರನ್ನು ಎಳೆದೆವು, ಒಂದು ಹೊಲಿಗೆ ಮಷಿನ್ನನ್ನೂ.
ಆ ಎರಡು ಗಂಟೆಯ ಲೆಕ್ಕ ಯಾರೂ ಕೇಳಲಿಲ್ಲ.

ನಮ್ಮಲ್ಲಿ ಮೊದಲು ನಾವು ಹೋಗುತ್ತೇವೆ, ಎಂದ ಮೊಖೆತಿ.
ಕಾಗದ ಆಮೇಲೆ ಬರುತ್ತದೆ.
ದೋಣಿಗಾ? ಎಂದೆ.
ಎಲ್ಲದಕ್ಕೂ, ಎಂದ. ಕೈ ತೊಳೆಯಲು ಎದ್ದ.

ಇನ್ನೊಂದು ಕಾಗದದ ವಿಷಯ ಅವನಿಗೆ ಹೇಳಲಿಲ್ಲ.
ಹತ್ತೊಂಬತ್ತು ತುಂಬಿರಲಿಲ್ಲ ನನಗೆ.
ಪೇಟೆಯ ಒಂದು ಬೀದಿ, ಹೆಸರು ಬೇಡ.
ಇಂಥದೇ ಹಗ್ಗ, ಕಂಬದಿಂದ ಕಂಬಕ್ಕೆ.
ಆಚೆ ಜನ. ಆಚೆಯಿಂದ ಬೈಗುಳ,
ನನ್ನಜ್ಜಿಯ ಬೈಗುಳ, ಅದೇ ಮಾಲೂರಿನ ರಾಗ.
ಇಡೀ ಸಾಲಿನಲ್ಲಿ ಅದು ಅರ್ಥವಾದದ್ದು ನನಗೊಬ್ಬನಿಗೆ.

ಮ್ಯಾಜಿಸ್ಟ್ರೇಟರು ಮುಚ್ಚಿದ ಅಂಗಡಿಯ ಕಟ್ಟೆ ಮೇಲೆ,
ಮಂಡಿಯ ಮೇಲೆ ಕಾಗದ,
ಪೆನ್ನಿನ ಮುಚ್ಚಳ ತೆಗೆದು, ಹಾಕಿ, ತೆಗೆದು.
ನನ್ನ ಬೆರಳೂ ಹಾಗೇ.

ನಾಲ್ಕೂವರೆಗೆ ಹಾಲಿನ ವ್ಯಾನು ಬಂತು. ಹಾರ್ನು.
ಜನ ಸರಿದರು. ಹಾಲಿಗೆ ಯಾರು ಅಡ್ಡ ನಿಲ್ಲುತ್ತಾರೆ?
ನಾನು ಹಗ್ಗ ಬಿಚ್ಚಿದೆ.
ವ್ಯಾನಿನ ಹಿಂದೆ ಒಬ್ಬೊಬ್ಬರೇ,
ಮಂಕಿಕ್ಯಾಪಿನವನು, ಕಲ್ಲು ಹಿಡಿದವನು, ಬೈದವಳು,
ಚಳಿಗೆ ಕೈಕಟ್ಟಿಕೊಂಡು ಮನೆ ಕಡೆ.
ಮುಚ್ಚಳ ಬಿತ್ತು, ಟಿಕ್ಕೆಂದು.
ಹುಕುಂ ಇಲ್ಲದೆ ಬಿಚ್ಚಿದ್ದಕ್ಕೆ
ನನಗೆ ಏಳು ರಾತ್ರಿ ಹೆಚ್ಚಿನ ಪಹರೆ. ಸರಿಯೇ.

ಕೋರ್ಸಿನ ಕೊನೆಯ ದಿನ, ಅದೇ ದಂಡೆ.
ಮೊಖೆತಿಗೆ ಅಷ್ಟಿಷ್ಟು ಕನ್ನಡ ಬಂದಿತ್ತು.
ಸರ್, ಎರಡು ಗಂಟು ಕೂತಿದ್ರಿ, ಅಲ್ವಾ?
ಗಂಟಲ್ಲ, ಗಂಟೆ ಕಣಪ್ಪಾ,
ತಿದ್ದಲು ಬಾಯಿ ತೆರೆದವನು ಸುಮ್ಮನಾದೆ.

ತನ್ನೆದೆಗೆ ತಾನೇ ಕಟ್ಟಿಕೊಂಡು
ತುದಿಯನ್ನು ನನ್ನ ಕೈಗಿಟ್ಟ: ಎಳೀರಿ.
ಎಳೆದೆ. ಜಾರಲಿಲ್ಲ.
ಒಳಗೆ ಬೆರಳು ತೂರಿಸಿ ನೋಡಿದೆ.
ಮೂರೇ ಹಿಡಿದವು.

ಬಿಚ್ಚು, ಎಂದೆ. ಇನ್ನೊಂದು ಸಲ.