ಸೈಜು ಎಂಟು

ಆಫೀಸಿನಿಂದ ಬೂಟು ಬಂದಾವ, ಒಂದು ಜೋಡಿ.
ಜೊತಿಗೊಂದು ಹಾಳಿ: ಮೂರು ತಿಂಗಳು ತೊಟ್ಟು
ಹೆಂಗವ ಬರೀರಿ, ಗಾರ್ಡ್ ಮೇಡಂ.
ನನ್ನ ಕಾಲು ಐದು. ಬಂದದ್ದು ಎಂಟು.
ತುದಿಗಿ ಹಳೀ ಸೀರಿ ಹರದು ತುರುಕಿದೆ.

ಚಿಂಚೋಳಿ ಬಸ್‌ಸ್ಟ್ಯಾಂಡ್ ಕಡೆ ಮಾಣಿಕಪ್ಪ
ಮಡಚಿ ನೋಡಿದ, ಮೂಸಿದ,
ಹೊಲಿಗಿ ಮ್ಯಾಲ ಉಗುರು ಎಳದ.
"ಚರ್ಮ ಚಲೋ ಅದ. ಅಂಟಿನ ಭರೋಸಾ ಇಲ್ಲ.
ಒಳಗ ಉಣ್ಣಿ ಅಸ್ತರ ಯಾಕವ್ವ,
ಕಾಲಿಗೇನು ಬಾಣಂತನ ಅದೇನು?"

ಪುಷ್ಯದ ನಸುಕಿನ್ಯಾಗ, ಚಂದ್ರಂಪಳ್ಳಿ ಕೆರಿ ದಂಡಿಗಿ,
ಬಾಣಂತನ ಬೇಕಾಗಿತ್ತು, ಖರೆ.
ಹತ್ತೂ ಬೆರಳು ಬೆಚ್ಚಗ ಮಲಗಿದ್ದವು.
ಜಾಲಿಮುಳ್ಳು ಮುರೀತು, ಒಳಗ ಬರಲಿಲ್ಲ.

ಶಿವರಾತ್ರಿ ದಾಟಿತು.
ಅದೇ ಉಣ್ಣಿ, ಈಗ ಕುದಿಯೋ ಗಡಿಗಿ.
ಮಧ್ಯಾಹ್ನ ಸಾಕ್ಸ್ ಹಿಂಡಿದರ ನೀರು.
ಒಂದಿನ ಝಾಡಿಸಿದೆ, ಚಿಂದಿ ಜೊತಿ ಚೇಳು ಬಿತ್ತು,
ಅದಕ್ಕ ಮಾತ್ರ ಸೈಜು ಸರಿ ಇತ್ತು.

ನನ್ನ ಮುಂದ ವಾಚರ್ ರೂಪ್ಲಾ,
ಟೈರಿನ ಚಪ್ಪಲಿ, ಯಾವ ಲಾರಿದೋ ಏನೋ.
ಒಣ ಎಲಿ ಮ್ಯಾಲ ಸಪ್ಪಳಿಲ್ಲ.
ನನ್ನ ಬೂಟು ಅರ್ಧ ಮೈಲಿ ಮೊದಲೇ ಮಾತಾಡ್ತದ;
ಹೋಗಿ ನೋಡಿದರ
ಕಟಿಗಿ ಕಳ್ಳರು ಚಾ ಕುಡದು,
ಕೆಟಲ್ ತೊಳಕೊಂಡು ಹೋಗ್ಯಾರ.

ಹಾಳಿಯಾಗ ಮೂರೇ ಖಾನೆ:
ಉತ್ತಮ, ಸಾಧಾರಣ, ಕಳಪೆ.
ಹೊಳ್ಳಿಸಿ, ಹಿಂದ ಬರದೆ:

ಅಸ್ತರ ಬಿಚ್ಚಿ ಹಾಕೋ ಹಂಗ ಇರಲಿ.
ತಳ ಇನ್ನಷ್ಟು ಮೆತ್ತಗ, ಮಾತು ಕಡಿಮಿ.
ಐದೂ ಮಾಡಸ್ರಿ, ನಾವೂ ಅದೀವಿ.
ರೂಪ್ಲಾನ ಕಾಲು ಒಂಬತ್ತು.
ನೀವು ಕೇಳಿಲ್ಲ,
ನಾನೇ ಅಳದೀನಿ.