ರಬ್ಬರು

ತೆಸ್‌ನಿಂದ ಜೀಪಿನಲ್ಲಿ ಬಂತು ಶಾಲೆಯ ಕಂಪ್ಯೂಟರು,
ಕುರಿಚರ್ಮ ಹೊದ್ದು, ಹುಡುಗನೊಬ್ಬನ ತೊಡೆಯೇರಿ.
ಉಲಾಂಗೊಮ್‌ನಲ್ಲಿ ಆ ದಿನ
ಸೊನ್ನೆಗಿಂತ ಮೂವತ್ತೆಂಟು ಕೆಳಗೆ.
ಈಗಲೇ ಹಚ್ಚಬೇಡಿ, ಅಂದೆ,
ಬೆವರುತ್ತದೆ ಒಳಗೆ, ಚಳಿಯಿಂದ ಬಂದ ಕನ್ನಡಕದ ಹಾಗೆ.
ಉಪ್ಪು ಚಹಾ ಕುಡಿದೆವು, ಎರಡು ಸುತ್ತು, ಮೂರು.

ಗುಂಡಿ ಒತ್ತಿದರೆ ಫ್ಯಾನು ತಿರುಗಿತು.
ಪರದೆ ಕಪ್ಪು.
ಹೊಟ್ಟೆಯೊಳಗಿಂದ ಉದ್ದುದ್ದ ಮೂರು ಕೂಗು.

ಒಂದೊಂದೇ ಕಳಚಿದೆ: ಮೌಸು, ಪ್ರಿಂಟರು, ಡಿಸ್ಕು.
ಅದೇ ಕೂಗು.
ಹಾಗಾದರೆ ಕಳಚಿದ್ದರದ್ದೇನೂ ತಪ್ಪಿಲ್ಲ.

"ಮಕ್ಕಳ ಅಂಕವೆಲ್ಲ ಅದರಲ್ಲೇ ಇದೆ"
ಒಯುನ್‌ಚಿಮೆಗ್ ಟೀಚರು ಕೂರಲೇ ಇಲ್ಲ.

ಮೆಮೊರಿ ಪಟ್ಟಿ ಎಳೆದೆ, ಬೆರಳುದ್ದ;
ಚಿನ್ನದ ಹಲ್ಲುಸಾಲಿಗೆ ಮಂಕು.
ರಬ್ಬರು ಇದೆಯೇನೋ, ಅಂದೆ ಹುಡುಗನಿಗೆ.

ಇತ್ತು. ಮೂಲೆ ಕಚ್ಚಿದ್ದು,
ಕೂಡುವ ಲೆಕ್ಕ ಒರೆಸಿ ಒರೆಸಿ
ಉಗುರಿನಷ್ಟು ಉಳಿದದ್ದು.
ಉಜ್ಜಿದೆ. ತೆಮೂಲೆನ್ ಮುಖ ಹತ್ತಿರ ತಂದ:
"ನೆನಪನ್ನ ಅಳಿಸ್ತಾ ಇದ್ದೀರಾ?"
ಅದು ಮತ್ತೆ ನೆನೆಯಲಿ ಅಂತ, ಅಂದೆ.
ನಂಬಲಿಲ್ಲ. ಇನ್ನೂ ಗಟ್ಟಿಯಾಗಿ ಉಜ್ಜಿ, ಅಂದ.

ಟಕ್. ಎರಡೂ ಕಿವಿ ಕಚ್ಚಿಕೊಂಡವು.
ಒಂದೇ ಗಿಡ್ಡ ಕೂಗು, ಆಮೇಲೆ ಬೆಳಕು.
ತಾರೀಕು: ಎರಡು ಸಾವಿರದ ಒಂಬತ್ತು, ಜನವರಿ ಒಂದು.
ಬ್ಯಾಟರಿ ಸತ್ತಿದೆ; ಇಲ್ಲಿ ಸಿಗದು, ವಸಂತಕ್ಕೆ ನೋಡೋಣ.
"ಇರಲಿ ಬಿಡಿ" ಅಂದರು ಟೀಚರು,
"ಬೋರ್ಡಿನ ಮೇಲೆ ದಿನಾ ಬರೆಯುವವಳು ನಾನೇ,
ಇದಕ್ಕೂ ಒಂದು ಸಲ ಹೇಳುತ್ತೇನೆ."

ತೆಮೂಲೆನ್ ತನ್ನ ಹೆಸರು ಹುಡುಕಿದ.
ಗಣಿತ: ನಲವತ್ತೊಂದು.
ಹಾಗೇ ಇತ್ತು.

ರಬ್ಬರನ್ನು ಒಮ್ಮೆ ಮೂಸಿ,
ಮಾತಿಲ್ಲದೆ ಜೇಬಿಗಿಳಿಸಿದ.