ಮೇಲಿನ ಕೋಣೆಯ ಬೀಗದ ಕೈ

ಬೀಗದ ಕೈ ರೋಸ್‌ಮರಿ ಕುಂಡದಡಿ ಇದೆ.
ಬಾಗಿಲನ್ನು ಮೊಣಕಾಲಿನಿಂದ ಒಂಚೂರು ಎತ್ತಿ,
ಆಮೇಲೆ ತಿರುವಿ.

ಇದು ಸ್ಪ್ಲಿಟ್ ಅಲ್ಲ, ದ್ವೀಪ.
ನೋಟು ಕೊಡುವ ಯಂತ್ರ ಒಂದೇ, ಶನಿವಾರ ಅದೂ ಖಾಲಿ.
ಮರಳಿಲ್ಲ, ಬರೀ ಬೆಣಚುಕಲ್ಲು;
ರಬ್ಬರ್ ಚಪ್ಪಲಿ ಇಲ್ಲದೆ ನೀರಿಗಿಳಿಯಬೇಡಿ.
ಸಂದಿಯೊಳಗಿನ ಕಡಲಮುಳ್ಳು
ಯಾರ ಪಾಸ್‌ಪೋರ್ಟನ್ನೂ ಕೇಳುವುದಿಲ್ಲ.
ಚುಚ್ಚಿದರೆ ಕೂಗಿ. ನನ್ನ ಬಳಿ ಆಲಿವ್ ಎಣ್ಣೆ ಇದೆ, ಸೂಜಿ ಇದೆ,
ಕನ್ನಡಕ ಎಲ್ಲಿಟ್ಟೆನೋ ಹುಡುಕಬೇಕು.

ಹಡಗಿನ ಟಿಕೆಟ್ಟು ಮುನ್ನಾದಿನವೇ ಕೊಳ್ಳಿ.
ಕೌಂಟರಿನ ಯೆರ್ಕೊ ಕಾಫಿಗೆಂದು ಎದ್ದರೆ
ಹಡಗು ಬಂದು ಹೋದ ಮೇಲೇ ಕೂರುವುದು.

ಎದುರು ಬೆಟ್ಟದ ನೆತ್ತಿಗೆ ಬಿಳಿಮೋಡ ಟೋಪಿಯಿಟ್ಟರೆ
ಅವತ್ತು ಬೂರ.
ಬಂದಾಗ ತೂರಿಕೊಳ್ಳುವಂಥ ಗಾಳಿಯಲ್ಲ ಅದು;
ನೀವು ಒಣಹಾಕಿದ ಟವೆಲ್ಲು ಇಟಲಿಯಲ್ಲಿ ಸಿಕ್ಕೀತು.
ಹಡಗು ನಿಂತರೆ ನನ್ನನ್ನು ಬೈಯಬೇಡಿ,
ಆ ರಾತ್ರಿಗೆ ಬಾಡಿಗೆ ಬೇಡ, ಮೀನಿನ ಸಾರಿದೆ.

ಇನ್ನೊಂದು. ಹೇಳಲೋ ಬೇಡವೋ.
ನೀವು ಮಲಗುವ ಮಂಚ ನಮ್ಮದೇ.
ಜೂನ್ ಬಂತೆಂದರೆ ನಾನೂ ಅತ್ತೆ ಪೆರೀನಾಳೂ
ಕೆಳಗೆ, ವೈನಿನ ಪೀಪಾಯಿಗಳ ಪಕ್ಕ ಹಾಸಿಕೊಳ್ಳುತ್ತೇವೆ.
ರಾತ್ರಿ ನೆಲದಡಿ ಕೆಮ್ಮು ಕೇಳಿದರೆ ಹೆದರಬೇಡಿ.
ಹಿಮ್ಮಡಿಯಿಂದ ಎರಡು ಸಲ ತಟ್ಟಿ;
ಅವಳು ಕೋಲೆತ್ತಿ ಎರಡು ಸಲ ತಟ್ಟುತ್ತಾಳೆ.
ಹೋದ ವರ್ಷ ಪೋಲೆಂಡಿನ ಪುಟ್ಟ ಹುಡುಗನೊಬ್ಬ
ದಿನಾ ಹಾಗೆ ಶುಭರಾತ್ರಿ ಹೇಳಿ ಮಲಗುತ್ತಿದ್ದ.

ಚಳಿಗಾಲವಿಡೀ, ಅದೇ ಮೇಲಿನ ಮಂಚದಲ್ಲಿ,
ದೀಪ ಆರಿಸುವ ಮುನ್ನ ಮುದುಕಿ
ಕೋಲೆಲ್ಲಿ ಎಂದು ಕೇಳಿದಳು.